ಎಫೆಸಸ್, ಶಿರಿಂಜೆ ಮತ್ತು ಒಂದು ಗ್ಲಾಸ್ ಪೀಚ್ ವೈನ್

ಟರ್ಕಿಯ ಇಜ್ಮಿರ್‌ನಲ್ಲೋ, ಕ್ರೂಸ್ ಹಡಗುಗಳು ಬಂದು ನಿಲ್ಲುವ ಕುಶಾದಸಿಯಲ್ಲೋ ಒಂದು ದಿನದ ಟೂರ್ ಬುಕ್ ಮಾಡಲು ಹೊರಟರೆ ನಿಮಗೆ ಸಿಗುವ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಎಫೆಸಸ್ಸಿನ ಅವಶೇಷಗಳು, ಮಧ್ಯಾಹ್ನ ಶಿರಿಂಜೆ ಅನ್ನುವ ಬೆಟ್ಟದ ಹಳ್ಳಿಯಲ್ಲಿ ಊಟ, ಊಟದ ಹಿಂದೆಮುಂದೆ ವೈನ್ ರುಚಿ ನೋಡುವುದು, ಸಂಜೆ ವಾಪಸ್. ಜರ್ಮನಿಯಲ್ಲಿರುವ ನಮ್ಮಂಥವರಿಗೆ ಇದು ಈಸ್ಟರ್ ರಜೆಯಲ್ಲಿ ಸಲೀಸಾಗಿ ಮುಗಿಯುವ ಪ್ರವಾಸ. ಇಲ್ಲಿ ಹೇಳುವ ಕಥೆಯೂ ಸಲೀಸಾಗಿದೆ: ಈ ಮಣ್ಣಲ್ಲಿ ಎರಡು ಸಾವಿರ ವರ್ಷದಿಂದ ದ್ರಾಕ್ಷಿ ಬೆಳೀತಾ ಇದ್ದಾರೆ, ವೈನ್ ಮಾಡ್ತಾ ಇದ್ದಾರೆ, ನಿಮ್ಮ ಕೈಯಲ್ಲಿರುವ ಗ್ಲಾಸ್ ಅದರ ಮುಂದುವರಿಕೆ.

ಮುಂದುವರಿಕೆ ಅಲ್ಲ. ಆ ಎಳೆ ಸುಮಾರು ನೂರು ವರ್ಷದ ಹಿಂದೆ ಕಡಿದುಹೋಗಿದೆ. ಹೇಗೆ ಅಂತ ತಿಳಿದುಕೊಂಡು ಹೋದರೆ ಊಟದ ರುಚಿಯೇನೂ ಕೆಡುವುದಿಲ್ಲ. ಯಾರ ಮನೆಯ ಜಗಲಿಯಲ್ಲಿ ಕೂತು ಉಣ್ಣುತ್ತಿದ್ದೀರಿ ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಮೊದಲು ಎಫೆಸಸ್. ರೋಮನ್ನರ ಕಾಲದಲ್ಲಿ ಇದು ಏಷ್ಯಾ ಪ್ರಾಂತ್ಯದ ದೊಡ್ಡ ಬಂದರು. ಈಗ ನೀವು ಅಲ್ಲಿ ನಿಂತು ಸುತ್ತ ನೋಡಿದರೆ ಸಮುದ್ರವೇ ಕಾಣಿಸುವುದಿಲ್ಲ, ಐದಾರು ಕಿಲೋಮೀಟರ್ ಆಚೆ ಸರಿದಿದೆ. ಕುಚುಕ್ ಮೆಂಡೆರೆಸ್ ಅನ್ನುವ ನದಿ ತಂದು ಸುರಿದ ಹೂಳು ಬಂದರನ್ನು ಮುಚ್ಚಿಹಾಕಿತು. ಹೂಳು ತೆಗೆಸಿದರು, ಹೇಡ್ರಿಯನ್ ಚಕ್ರವರ್ತಿ ನದಿಯನ್ನೇ ಬೇರೆ ಕಡೆ ತಿರುಗಿಸಲು ನೋಡಿದ, ನದಿ ಕೇಳಲಿಲ್ಲ. ದೊಡ್ಡ ರಂಗಮಂದಿರದ ಮುಂದಿನಿಂದ ಅಗಲವಾದ ಕಲ್ಲುಹಾಸಿನ ರಸ್ತೆ ನೇರವಾಗಿ ಹೊರಟು, ಜೊಂಡು ಬೆಳೆದ ತಗ್ಗಿನ ಕಡೆಗೆ ಹೋಗಿ ನಿಲ್ಲುತ್ತದಲ್ಲ, ಅದೇ ಹಳೆಯ ಬಂದರು. ಬಹಳ ಜನ ಲೈಬ್ರರಿಯ ಮುಂದೆ ಫೋಟೋ ತೆಗೆಸಿಕೊಂಡು ಅಲ್ಲಿಂದಲೇ ಹಿಂದಿರುಗುತ್ತಾರೆ. ನೀವು ಹಾಗೆ ಮಾಡಬೇಡಿ, ಈ ರಸ್ತೆಯನ್ನೂ ನೋಡಿ. ಊರು ಯಾಕೆ ಸತ್ತಿತು ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಲೈಬ್ರರಿಯ ಬಗ್ಗೆ ಒಂದೇ ಮಾತು: ಅದು ಗೋರಿ ಕೂಡ. ಸೆಲ್ಸಸ್ ಅನ್ನುವ ರೋಮನ್ ಅಧಿಕಾರಿಯ ನೆನಪಿಗೆ ಅವನ ಮಗ ಕ್ರಿ.ಶ. 2ನೇ ಶತಮಾನದಲ್ಲಿ ಕಟ್ಟಿಸಿದ್ದು. ಅಪ್ಪನ ಶವಪೆಟ್ಟಿಗೆ ಪುಸ್ತಕಗಳ ಕೆಳಗೇ ಇದೆ. ಈಗ ನಿಂತಿರುವ ಆ ಎರಡಂತಸ್ತಿನ ಮುಂಭಾಗ 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ವಜ್ಞರು ಬಿದ್ದ ಕಲ್ಲುಗಳನ್ನು ಆಯ್ದು ಮತ್ತೆ ನಿಲ್ಲಿಸಿದ್ದು.

ರಂಗಮಂದಿರದಲ್ಲಿ ಸುಮಾರು 24 ಸಾವಿರ ಜನ ಕೂರಬಹುದಿತ್ತು. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಇಲ್ಲಿ ನಡೆದ ಒಂದು ಗಲಾಟೆಯ ವಿವರ ಇದೆ. ದೆಮೇತ್ರಿಯ ಅನ್ನುವ ಅಕ್ಕಸಾಲಿಗ ಆರ್ಟೆಮಿಸ್ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ. ಸಂತ ಪೌಲ ಬಂದು, ಕೈಯಿಂದ ಮಾಡಿದ್ದು ದೇವರಲ್ಲ ಅಂತ ಬೋಧಿಸಿದ ಮೇಲೆ ವ್ಯಾಪಾರಕ್ಕೆ ಪೆಟ್ಟು ಬಿತ್ತು. ದೆಮೇತ್ರಿಯ ಕಸುಬಿನವರನ್ನೆಲ್ಲ ಸೇರಿಸಿದ, ಜನ ರಂಗಮಂದಿರಕ್ಕೆ ನುಗ್ಗಿ ದೇವಿಯ ಹೆಸರಲ್ಲಿ ಎರಡು ಗಂಟೆ ಕೂಗಿದರು. ದೇವಿಯ ಮಾನ ಒಂದು ಕಡೆ, ಸೂವನೀರ್ ಅಂಗಡಿಯ ಲೆಕ್ಕ ಇನ್ನೊಂದು ಕಡೆ. ಇವತ್ತು ಗೇಟಿನ ಹೊರಗೆ ಅದೇ ಆರ್ಟೆಮಿಸ್ಸಿನ ಬೊಂಬೆ ಮಾರುವವರನ್ನು ನೋಡಿದಾಗ ಇದು ನೆನಪಾಗದೆ ಇರುವುದಿಲ್ಲ.

ಇನ್ನು ವೈನ್. ಇಲ್ಲಿ ವೈನ್ ಇತ್ತು ಅನ್ನುವುದು ಸುಳ್ಳಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಭೂಗೋಳ ಬರೆದ ಸ್ಟ್ರೇಬೋ ಈ ಕರಾವಳಿಯ ಒಳ್ಳೆಯ ವೈನ್‌ಗಳ ಪಟ್ಟಿ ಕೊಡುತ್ತಾನೆ, ಅದರಲ್ಲಿ ಎಫೆಸಸ್ಸಿನದೂ ಇದೆ. ಸುತ್ತಲಿನ ಊರೆಲ್ಲ ಒಳ್ಳೆ ವೈನ್ ಮಾಡುವಾಗ ಎದುರಿನ ಸಾಮೋಸ್ ದ್ವೀಪಕ್ಕೆ ಮಾತ್ರ ಅದು ಒಲಿದಿಲ್ಲ ಅಂತಲೂ ಅವನು ಬರೆದಿದ್ದಾನೆ. ತಮಾಷೆ ಏನಂದ್ರೆ, ಇವತ್ತು ಜಗತ್ತಿಗೆಲ್ಲ ಗೊತ್ತಿರುವುದು ಸಾಮೋಸ್‌ನ ಮಸ್ಕಟ್ ವೈನ್. ಆಗಿನವರು ವೈನ್‌ಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು, ಬೆರೆಸದೆ ಕುಡಿಯುವುದು ನಾಗರಿಕರ ಲಕ್ಷಣ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನ ನಿಮಗೆ ನೆನಪಿರಬಹುದು, ಗೋವಿಂದ ಪೈಗಳು ಅದರ ಬಗ್ಗೆ ಬರೆದಿದ್ದಾರೆ. ಅದರಲ್ಲಿ ಭಾರತದ ಕರಾವಳಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ವೈನ್ ಕುಡಿಸಿ ಮತ್ತೇರಿಸಿ ಗ್ರೀಕರು ತಪ್ಪಿಸಿಕೊಳ್ಳುತ್ತಾರೆ. ಅವರ ಬಾಯಲ್ಲಿ ಬರುವ ಮಾತು ಕನ್ನಡ ಅಂತ ಕೆಲವು ವಿದ್ವಾಂಸರ ವಾದ. ಒಪ್ಪದವರೂ ಇದ್ದಾರೆ, ಅದಿರಲಿ.

ಬಂದರು ಹೂಳಿನಲ್ಲಿ ಮುಚ್ಚಿಹೋದಂತೆ ಜನ ಎಫೆಸಸ್ ಬಿಟ್ಟು ಹೋದರು. ಹತ್ತಿರದ ಈಗಿನ ಸೆಲ್ಚುಕ್ ಪಟ್ಟಣ ಬೆಳೆಯಿತು. ಅಲ್ಲಿಂದ ಎಂಟು ಕಿಲೋಮೀಟರ್ ದೂರದ ಬೆಟ್ಟದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಒಂದು ಹಳ್ಳಿ ಇತ್ತು. ಗ್ರೀಕರು ಅದನ್ನು ಕಿರ್ಕಿಂಜೆ ಅಂತಿದ್ದರು. ನಾವು ಎಫೆಸಸ್ಸಿನ ಹಳೆಯ ಕ್ರೈಸ್ತರ ವಂಶದವರು ಅನ್ನುವುದು ಅವರ ನಂಬಿಕೆ. ಪ್ರತಿ ವರ್ಷ ಆಗಸ್ಟ್ 15ರಂದು ಅವರು ಎಫೆಸಸ್ಸಿನ ಮೇಲಿನ ಗುಡ್ಡದ ಒಂದು ಪಾಳುಗುಡಿಗೆ ಯಾತ್ರೆ ಹೋಗುತ್ತಿದ್ದರು, ಮೇರಿಮಾತೆ ತೀರಿಕೊಂಡದ್ದು ಅಲ್ಲೇ ಅಂತ. 1891ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಆ ಜಾಗವನ್ನು ‘ಕಂಡುಹಿಡಿದರು’. ಈಗ ಅದು ಟೂರ್ ಬಸ್ಸುಗಳು ನಿಲ್ಲುವ ‘ಮೇರಿಯ ಮನೆ’. ವಂಶದ ಮಾತು ನಿಜವೋ ಅಲ್ಲವೋ, ಆ ಅವಶೇಷಕ್ಕೂ ಈ ಹಳ್ಳಿಗೂ ನಡುವೆ ಬದುಕಿದ್ದ ಸಂಬಂಧ ಇತ್ತು ಅನ್ನುವುದಕ್ಕೆ ಆ ಯಾತ್ರೆ ಸಾಕ್ಷಿ.

ಹಳ್ಳಿಗೆ ದುಡ್ಡು ತಂದದ್ದು ವೈನ್ ಅಲ್ಲ, ಅಂಜೂರ. 1860ರ ದಶಕದಲ್ಲಿ ಬ್ರಿಟಿಷ್ ಕಂಪನಿಯೊಂದು ಇಜ್ಮಿರ್‌ನಿಂದ ಐದೀನ್‌ವರೆಗೆ ರೈಲು ಹಾಕಿತು. ಒಣ ಅಂಜೂರ ಬೆಟ್ಟದಿಂದ ಇಳಿದು ರೈಲು ಹತ್ತಿ ಇಜ್ಮಿರ್ ಬಂದರಿಗೆ, ಅಲ್ಲಿಂದ ಯುರೋಪಿಗೆ. ಇದೇ ರೈಲಿಗೆ ನಿಲ್ದಾಣಗಳ ನಕ್ಷೆ ಮಾಡಲು ಬಂದ ಜಾನ್ ಟರ್ಟಲ್ ವುಡ್ ಅನ್ನುವ ವಾಸ್ತುಶಿಲ್ಪಿ ಕೆಲಸ ಬಿಟ್ಟು, ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಆರ್ಟೆಮಿಸ್ ಗುಡಿಯನ್ನು ಹುಡುಕುತ್ತಾ ಹೋದ. 1863ರಲ್ಲಿ ಶುರು ಮಾಡಿದವನಿಗೆ ಅದು ಸಿಕ್ಕಿದ್ದು 1869ರ ಕೊನೆಯ ದಿನ.

ಆಮೇಲೆ ಬಂತು ಯುದ್ಧ. 1919ರ ಮೇ ತಿಂಗಳಲ್ಲಿ ಗ್ರೀಕ್ ಸೈನ್ಯ ಇಜ್ಮಿರ್‌ನಲ್ಲಿ ಇಳಿಯಿತು, ಒಳನಾಡಿನವರೆಗೆ ನುಗ್ಗಿತು, ಎರಡೂ ಕಡೆ ಹಳ್ಳಿಗಳು ಸುಟ್ಟವು. 1922ರ ಸೆಪ್ಟೆಂಬರ್‌ನಲ್ಲಿ ಸೋತ ಗ್ರೀಕ್ ಸೈನ್ಯ ಹಡಗು ಹತ್ತಿತು; ಇಜ್ಮಿರ್ ನಗರ ಬೆಂಕಿಗೆ ಬಿತ್ತು. ಕರಾವಳಿಯ ಗ್ರೀಕರು ಉಟ್ಟ ಬಟ್ಟೆಯಲ್ಲಿ ಓಡಿದರು. ಮರುವರ್ಷ, ಜನವರಿ 30, 1923ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು: ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ಟರ್ಕಿಗೆ. ಇಸ್ತಾಂಬುಲ್‌ನ ಗ್ರೀಕರಿಗೂ ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೂ ಮಾತ್ರ ವಿನಾಯಿತಿ. ಇಷ್ಟ ಇದ್ದರೆ ಹೋಗಿ ಅಂತಲ್ಲ, ಕಡ್ಡಾಯ. ಆಗಲೇ ಓಡಿಹೋದವರಿಗೂ ಇದೇ ಅನ್ವಯ, ಅಂದರೆ ಅವರು ತಿರುಗಿ ಬರುವಂತಿಲ್ಲ.

ನಾನು ಹೊಟ್ಟೆಪಾಡಿಗೆ ಡೇಟಾ ಕೆಲಸ ಮಾಡುವವನು. ದಿನಾ ಟೇಬಲ್ಲುಗಳಲ್ಲಿ ಜನರನ್ನು ಸಾಲುಗಳಾಗಿ ನೋಡುವುದೇ ಕೆಲಸ. ಆದರೂ ಈ ಒಪ್ಪಂದ ಓದಿದಾಗ ಬೆಚ್ಚಿಬಿದ್ದೆ. ಇಷ್ಟು ದೊಡ್ಡ ಟೇಬಲ್ಲಿಗೆ ಒಂದೇ ಒಂದು ಕಾಲಂ: ಧರ್ಮ. ಮನೆಮಾತು ಯಾವುದು, ಹುಟ್ಟಿದ್ದು ಎಲ್ಲಿ, ಹೊಲ ಎಲ್ಲಿದೆ, ಯಾವುದೂ ಲೆಕ್ಕಕ್ಕಿಲ್ಲ. ಟರ್ಕಿಶ್ ಬಿಟ್ಟು ಬೇರೆ ಮಾತೇ ಬಾರದ ಅನಾತೋಲಿಯಾದ ಕ್ರೈಸ್ತರು ‘ಗ್ರೀಕರು’ ಅಂತ ಗ್ರೀಸಿಗೆ ಹೋದರು. ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ‘ತುರ್ಕರು’ ಅಂತ ಟರ್ಕಿಗೆ ಬಂದರು. ಒಟ್ಟು ಲೆಕ್ಕ: ಆ ಕಡೆಗೆ ಸುಮಾರು 12 ಲಕ್ಷ, ಈ ಕಡೆಗೆ ಸುಮಾರು 4 ಲಕ್ಷ.

ಲೊಸಾನ್ ಸಭೆಯಲ್ಲಿ ಇದರ ಚರ್ಚೆ ನಡೆಸಿದವನು ಲಾರ್ಡ್ ಕರ್ಜನ್, 1905ರಲ್ಲಿ ಬಂಗಾಳ ಒಡೆದ ಅದೇ ಕರ್ಜನ್. ಇದು ಕೆಟ್ಟ ಪರಿಹಾರ, ಜಗತ್ತು ಮುಂದೆ ಇದಕ್ಕೆ ಬೆಲೆ ತೆರಬೇಕಾಗುತ್ತೆ ಅಂತ ಅವನೇ ಸಭೆಯಲ್ಲಿ ಹೇಳಿದ್ದ. ಆದರೂ ಒಪ್ಪಂದ ಆಯಿತು. 1940ರಲ್ಲಿ ಅಂಬೇಡ್ಕರ್ ಪಾಕಿಸ್ತಾನದ ಬೇಡಿಕೆಯ ಬಗ್ಗೆ ಪುಸ್ತಕ ಬರೆದಾಗ, ಜನರ ವಿನಿಮಯ ಆಗದ ಮಾತೇನಲ್ಲ ಅನ್ನುವುದಕ್ಕೆ ಕೊಟ್ಟ ಉದಾಹರಣೆ ಗ್ರೀಸ್, ಟರ್ಕಿ, ಬಲ್ಗೇರಿಯಾಗಳದ್ದು. ನಮ್ಮ ಕನ್ನಡದ ಮನೆಗಳಲ್ಲಿ 1947ರ ನೆನಪು ದೂರದ್ದು. ಬೀದರ್, ಕಲಬುರಗಿ ಕಡೆಯವರಿಗೆ 1948 ಹತ್ತಿರದ್ದು. ಪಂಜಾಬಿ ಗೆಳೆಯರ ಜೊತೆ ಶಿರಿಂಜೆಗೆ ಹೋಗುವುದಾದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಅವರಿಗೆ ಈ ಊರನ್ನು ಯಾರೂ ವಿವರಿಸಬೇಕಾಗಿಲ್ಲ.

ಕಿರ್ಕಿಂಜೆಯವರು ಗ್ರೀಸಿನ ಪಿಯೇರಿಯಾ ಪ್ರದೇಶದಲ್ಲಿ ಹೊಸ ಹಳ್ಳಿ ಕಟ್ಟಿಕೊಂಡರು. ಅದಕ್ಕೆ ಇಟ್ಟ ಹೆಸರು ನೆಯಾ ಎಫೆಸೋಸ್, ಅಂದರೆ ಹೊಸ ಎಫೆಸಸ್. ಈ ಹಳ್ಳಿಯವನೊಬ್ಬನ ಅನುಭವಗಳನ್ನು ಆಧರಿಸಿ ದಿದೋ ಸೋತಿರಿಯು 1962ರಲ್ಲಿ ಬರೆದ ಕಾದಂಬರಿ ಗ್ರೀಕರಷ್ಟೇ ತುರ್ಕರೂ ಓದಿದ ಪುಸ್ತಕ. ಟರ್ಕಿಶ್ ಅನುವಾದದ ಹೆಸರಿನ ಅರ್ಥ, ಅನಾತೋಲಿಯಾಕ್ಕೆ ನನ್ನ ಸಲಾಮು ತಿಳಿಸು ಅಂತ. ಇಂಗ್ಲಿಷಿನಲ್ಲಿ ‘ಫೇರ್‌ವೆಲ್ ಅನಾತೋಲಿಯಾ’ ಅಂತ ಸಿಗುತ್ತದೆ, ವಿಮಾನದಲ್ಲಿ ಓದಲು ಬೇರೆ ಗೈಡ್‌ಬುಕ್ ಬೇಡ.

ಖಾಲಿ ಮನೆಗಳಿಗೆ ಬಂದವರು ಉತ್ತರ ಗ್ರೀಸಿನ ಕವಾಲಾ ಕಡೆಯ ಮುಸ್ಲಿಮರು. ಕವಾಲಾ ಅಂದರೆ ತಂಬಾಕಿನ ಸೀಮೆ. ಇಲ್ಲಿ ನೋಡಿದರೆ ಅಂಜೂರ, ಆಲಿವ್, ಬಳ್ಳಿ. ಅವರೂ ತಮ್ಮ ಹೊಲ, ಮಸೀದಿ, ಗೋರಿಗಳನ್ನು ಬಿಟ್ಟು ಬಂದವರೇ, ಅವರ ಕಥೆಯನ್ನು ಕೇಳಿದವರು ಕಡಿಮೆ. ಟರ್ಕಿಯ ದೊಡ್ಡ ಕಥೆಗಾರ ಸಬಾಹತ್ತಿನ್ ಅಲಿ ಈ ಊರು ಪಾಳುಬಿದ್ದದ್ದನ್ನೇ ಒಂದು ಕಥೆ ಮಾಡಿದ್ದಾನೆ, ಹೆಸರು ‘ಚಿರ್ಕಿಂಜೆ’. ಟರ್ಕಿಶ್‌ನಲ್ಲಿ ಆ ಪದದ ಅರ್ಥ ‘ಸ್ವಲ್ಪ ಕುರೂಪಿ’. ಊರಿಗೆ ಆಗ ಅದೇ ಹೆಸರು ಬಳಕೆಯಲ್ಲಿತ್ತು. 1920ರ ದಶಕದಲ್ಲಿ ಇಜ್ಮಿರ್‌ಗೆ ಗವರ್ನರ್ ಆಗಿ ಬಂದ ಕಾಜಿಂ ದಿರಿಕ್ ಇದನ್ನು ಶಿರಿಂಜೆ, ಅಂದರೆ ‘ಮುದ್ದಾದದ್ದು’ ಅಂತ ಬದಲಿಸಿದ. ಒಂದು ಅಕ್ಷರ ಆಚೀಚೆ ಮಾಡಿದಂತೆ ಆಯಿತು, ಹಳೆಯ ಗ್ರೀಕ್ ಹೆಸರು ಪೂರ್ತಿ ಅಳಿಸಿಹೋಯಿತು.

ಈಗ ಊಟ. ಹೆಂಗಸರು ತೆಳ್ಳಗಿನ ಕೋಲಿನಲ್ಲಿ ಹಿಟ್ಟನ್ನು ಕರ್ಚೀಪಿನಷ್ಟು ತೆಳುವಾಗಿ ಲಟ್ಟಿಸಿ, ಒಳಗೆ ಸೊಪ್ಪು, ಚೀಸ್ ಅಥವಾ ಆಲೂ ಇಟ್ಟು ಮಡಚಿ, ಉಬ್ಬಿದ ಹೆಂಚಿನ ಮೇಲೆ ಬೇಯಿಸುತ್ತಾರೆ, ಅದು ಗೊಜ್ಲೆಮೆ. ಜೊತೆಗೆ ಐರಾನ್, ಉಪ್ಪು ಹಾಕಿದ ಮಜ್ಜಿಗೆ ಅಂದ್ಕೊಳ್ಳಿ, ಒಗ್ಗರಣೆ ಇಲ್ಲ ಅಷ್ಟೆ. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿದ್ದು ತಿಂದರೆ ಕರಾವಳಿಯವರಿಗೆ ಪತ್ರೊಡೆಯ ದೂರದ ನೆಂಟ ಅನ್ನಿಸಬಹುದು. ಪೆಕ್ಮೆಜ್ ಅಂತ ದ್ರಾಕ್ಷಿ ರಸ ಕುದಿಸಿ ಇಳಿಸಿದ ಪಾಕ ಕೊಟ್ಟರೆ ಬಿಡಬೇಡಿ, ನಮ್ಮ ಜೋನಿಬೆಲ್ಲದ ಹಾಗೆ. ಮುಸ್ಲಿಂ ಅನಾತೋಲಿಯಾ ದ್ರಾಕ್ಷಿಯನ್ನು ಹೆಚ್ಚಾಗಿ ಬಳಸಿದ್ದು ಹೀಗೆ: ಎಲೆ, ಪಾಕ, ಒಣದ್ರಾಕ್ಷಿ. ಜಗತ್ತಿನಲ್ಲಿ ಅತಿ ಹೆಚ್ಚು ದ್ರಾಕ್ಷಿತೋಟ ಇರುವ ದೇಶಗಳಲ್ಲಿ ಟರ್ಕಿ ಒಂದು, ಅದರಲ್ಲಿ ವೈನ್ ಆಗುವುದು ತೀರಾ ಚಿಕ್ಕ ಪಾಲು. ಇಜ್ಮಿರ್ ಪಕ್ಕದ ಮನಿಸಾ ಸುಲ್ತಾನಾ ದ್ರಾಕ್ಷಿಯ ತವರು. ಈ ಸುಲ್ತಾನಾ ಕ್ಯಾಲಿಫೋರ್ನಿಯಾದಲ್ಲಿ ಥಾಂಪ್ಸನ್ ಸೀಡ್‌ಲೆಸ್ ಅಂತ ಹೆಸರು ಪಡೆಯಿತು. ನಮ್ಮ ವಿಜಯಪುರದ ಒಣದ್ರಾಕ್ಷಿಯೂ ಇದೇ ತಳಿಯದು.

ಶಿರಿಂಜೆಯ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಬಾಟಲಿಗಳ ಮೇಲೆ ಏನಿದೆ ನೋಡಿ: ಪೀಚ್, ಹಿಪ್ಪುನೇರಳೆ, ಬ್ಲ್ಯಾಕ್‌ಬೆರಿ, ದಾಳಿಂಬೆ. ಸ್ಟ್ರೇಬೋ ಬಂದರೂ ಗುರುತು ಹಿಡಿಯಲಾರ. ಹಣ್ಣಿನ ವೈನ್ ಪ್ರವಾಸಿಗರು ಬರಲು ಶುರುವಾದ ಮೇಲಿನ ಬೆಳವಣಿಗೆ. ಅದನ್ನು ಮಾರುವವರಲ್ಲಿ ಕವಾಲಾದಿಂದ ಬಂದವರ ಮೊಮ್ಮಕ್ಕಳೂ ಇದ್ದಾರೆ. ವೈನ್ ಬಲ್ಲವರು ಮೂಗು ಮುರಿಯುತ್ತಾರೆ. ಸಿಹಿ ಜಾಸ್ತಿ, ನಿಜ. ಆದರೆ ನನಗೆ ಅದರ ಬಗ್ಗೆ ಗೌರವ ಇದೆ: ಬಳ್ಳಿಯ ಗೊಡವೆಯೇ ಇಲ್ಲದ ತಂಬಾಕಿನ ಜನ, ಬೇರೆಯವರ ತೋಟಕ್ಕೆ ಬಂದು ಬಿದ್ದು, ತಮ್ಮದೇ ಒಂದು ವ್ಯಾಪಾರ ಕಟ್ಟಿಕೊಂಡಿದ್ದಾರೆ. ‘ಪ್ರಾಚೀನ ಪರಂಪರೆ’ ಅನ್ನುವ ಲೇಬಲ್ಲಿನ ಮೇಲೆ ಮಾತ್ರ ನನಗೆ ತಕರಾರು. 2012ರ ಡಿಸೆಂಬರ್ 21ಕ್ಕೆ ಪ್ರಳಯ ಆಗುತ್ತೆ, ಶಿರಿಂಜೆ ಮಾತ್ರ ಉಳಿಯುತ್ತೆ ಅಂತ ಸುದ್ದಿ ಹಬ್ಬಿದಾಗಲೂ ಈ ಊರು ಹೆದರಲಿಲ್ಲ, ಅಂಗಡಿ ತೆರೆದು ಕೂತಿತು.

ಹೋಗುವವರಿಗೆ ಎರಡು ಮಾತು. ಸೆಲ್ಚುಕ್‌ನಿಂದ ಶಿರಿಂಜೆಗೆ ಮಿನಿಬಸ್ ಸಿಗುತ್ತದೆ, ಟೂರ್ ಬೇಕಾಗಿಲ್ಲ. ಅಂಗಡಿ ಬೀದಿಯಲ್ಲೇ ನಿಲ್ಲದೆ ಮೇಲೆ ಹತ್ತಿ, ಸ್ನಾನಿಕ ಯೋಹಾನನ ಚರ್ಚ್ ನೋಡಿ. ಹಳೆಯ ಗ್ರೀಕ್ ಶಾಲೆಯ ಕಟ್ಟಡ ಈಗ ರೆಸ್ಟೋರೆಂಟ್. ಗಣಿತದ ಹುಚ್ಚಿದ್ದರೆ ಊರಿಂದ ಸ್ವಲ್ಪ ದೂರದಲ್ಲಿ ಅಲಿ ನೆಸಿನ್ 2007ರಲ್ಲಿ ಶುರು ಮಾಡಿದ ‘ಗಣಿತ ಗ್ರಾಮ’ ಇದೆ, ಕಲ್ಲುಮನೆಗಳ ನಡುವೆ ಬಯಲಲ್ಲೇ ಕರಿಹಲಗೆ. ಸಂಜೆ ಇಳಿದು ಬಂದ ಮೇಲೆ ಸೆಲ್ಚುಕ್ ಪಕ್ಕದಲ್ಲೇ ವುಡ್ ಹುಡುಕಿದ ಆರ್ಟೆಮಿಸ್ ಗುಡಿಯ ಜಾಗ. ಉಳಿದಿರುವುದು ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಒಂದು ಕಂಬ, ಸುತ್ತ ಜೌಗು, ಕಂಬದ ತುದಿಯಲ್ಲಿ ಕೊಕ್ಕರೆಯ ಗೂಡು.