ಕ್ಷಯರೋಗಾಣುವಿನ ಆಣ್ವಿಕ ಪತ್ತೆ

ರೋಗಿಯ ಕಫದಲ್ಲಿರುವ ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಅದರ ಡಿಎನ್‌ಎಯ ಮೂಲಕ ಗುರುತಿಸುವ ವಿಧಾನವೇ ಕ್ಷಯರೋಗಾಣುವಿನ ಆಣ್ವಿಕ ಪತ್ತೆ.

ರಾಬರ್ಟ್ ಕಾಖ್ 1882ರಲ್ಲಿ ಈ ರೋಗಾಣುವನ್ನು ಜಗತ್ತಿಗೆ ತಿಳಿಸಿದ ಬಳಿಕ ಶತಮಾನಕ್ಕೂ ಹೆಚ್ಚು ಕಾಲ ಸೂಕ್ಷ್ಮದರ್ಶಕ ಹಾಗೂ ಪ್ರಯೋಗಾಲಯದ ಕಲ್ಚರ್‌ಗಳೇ ಪತ್ತೆಗೆ ಮುಖ್ಯ ಆಧಾರವಾಗಿದ್ದವು. ಸೂಕ್ಷ್ಮದರ್ಶಕಕ್ಕೆ ಗೋಚರಿಸಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ರೋಗಾಣುಗಳಿರಬೇಕು. ಒಮ್ಮೆ ಇಬ್ಭಾಗವಾಗಲು ಈ ಜೀವಿಗೆ ಹೆಚ್ಚುಕಡಿಮೆ 20 ಗಂಟೆ ಹಿಡಿಯುವುದರಿಂದ ಕಲ್ಚರ್‌ನ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸೋಂಕು ಮನೆಮಂದಿಗೂ ತಗಲುವ ಸಂಭವವಿದೆ.

2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಕ್ಸ್‌ಪರ್ಟ್ ಎಂಟಿಬಿ/ರಿಫ್ ಪರೀಕ್ಷೆಗೆ ಮನ್ನಣೆ ನೀಡಿತು. ಭಾರತದ ಆಸ್ಪತ್ರೆಗಳಲ್ಲಿ ಇದು ಸಿಬಿನಾಟ್ ಎಂದೇ ಪರಿಚಿತ. ಕಫವನ್ನು ದ್ರಾವಣದೊಂದಿಗೆ ಬೆರೆಸಿ ಕಾರ್ಟ್ರಿಜ್‌ಗೆ ತುಂಬಿದರೆ ಉಳಿದ ಕೆಲಸವೆಲ್ಲ ಯಂತ್ರದ್ದು. ಪಾಲಿಮರೇಸ್ ಸರಪಳಿ ಕ್ರಿಯೆಯಿಂದ ಆರ್‌ಪಿಒಬಿ ಜೀನಿನ 81 ಬೇಸ್ ಜೋಡಿಗಳ ಭಾಗವು ಅಸಂಖ್ಯ ಪ್ರತಿಗಳಾಗುತ್ತದೆ. ಬೆಳಕು ಸೂಸುವ ಐದು ಶೋಧಕಗಳು ಅದಕ್ಕೆ ಅಂಟಿಕೊಳ್ಳುತ್ತವೆ. ರಿಫಾಂಪಿಸಿನ್ ಔಷಧಕ್ಕೆ ಪ್ರತಿರೋಧ ತರುವ ರೂಪಾಂತರಗಳಲ್ಲಿ ಬಹುಪಾಲು ಈ ಭಾಗದಲ್ಲೇ ಇರುತ್ತವೆ. ರೂಪಾಂತರವಿದ್ದಲ್ಲಿ ಶೋಧಕ ಸರಿಯಾಗಿ ಅಂಟದು, ಬೆಳಕೂ ಮೂಡದು. ಹೀಗಾಗಿ ರೋಗವೂ ಔಷಧ ಪ್ರತಿರೋಧವೂ ಸುಮಾರು ಎರಡು ಗಂಟೆಗಳಲ್ಲಿ ಒಟ್ಟಿಗೇ ತಿಳಿಯುತ್ತವೆ. ಈ ವಿಧಾನದ ನಿಜವಾದ ಹೆಚ್ಚುಗಾರಿಕೆ ಇದೇ.

ಈ ಯಂತ್ರಕ್ಕೆ ನಿರಂತರ ವಿದ್ಯುತ್ ಬೇಕು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಗೋವಾದ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಬ್ಯಾಟರಿಯಿಂದಲೂ ನಡೆಯುವುದರಿಂದ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಹೆಚ್ಚು ಒಗ್ಗುತ್ತದೆ. 2020ರಲ್ಲಿ ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು.

ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಈ ಪರೀಕ್ಷೆಗಳು ಗುರುತಿಸುತ್ತವೆ. ಆದುದರಿಂದ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಇಂದಿಗೂ ಸೂಕ್ಷ್ಮದರ್ಶಕ ಮತ್ತು ಕಲ್ಚರ್‌ಗಳನ್ನೇ ಅವಲಂಬಿಸಲಾಗುತ್ತದೆ.