ಮೂರು ಲಕ್ಷ ಜನರಿಗೆಂದು ಕಟ್ಟಲು ಹೊರಟ ಊರು

1973ರ ಜನವರಿಯಲ್ಲಿ ಆಸ್ಟ್ರೇಲಿಯಾದ ಆಲ್ಬರಿ ಎಂಬ ಸಣ್ಣ ಪಟ್ಟಣಕ್ಕೆ ಮೂವರು ದೊಡ್ಡವರು ಬಂದರು. ಒಬ್ಬರು ಆಗಷ್ಟೇ ಪ್ರಧಾನಿಯಾಗಿದ್ದ ಗಾಫ್ ವಿಟ್ಲಂ. ಇನ್ನಿಬ್ಬರು ನ್ಯೂ ಸೌತ್ ವೇಲ್ಸ್ ರಾಜ್ಯದ ಮುಖ್ಯಸ್ಥ ರಾಬರ್ಟ್ ಆಸ್ಕಿನ್ ಮತ್ತು ವಿಕ್ಟೋರಿಯಾ ರಾಜ್ಯದ ಮುಖ್ಯಸ್ಥ ರೂಪರ್ಟ್ ಹೇಮರ್. ವಿಟ್ಲಂ ಅವರದ್ದು ಒಂದು ಪಕ್ಷ, ಉಳಿದಿಬ್ಬರದ್ದು ಅವರ ವಿರೋಧಿ ಪಕ್ಷ. ಆದರೂ ಮೂವರೂ ಸೇರಿ ಒಂದು ಮಾತಿಗೆ ಒಪ್ಪಿದರು. ಆಲ್ಬರಿ ಮತ್ತು ನದಿಯಾಚೆಯ ವೊಡೊಂಗಾ, ಈ ಜೋಡಿ ಊರುಗಳನ್ನು ಒಂದು ದೊಡ್ಡ ನಗರವನ್ನಾಗಿ ಬೆಳೆಸಬೇಕು.

ಆಗ ಎರಡೂ ಊರು ಸೇರಿ ಸುಮಾರು 40,000 ಜನ. ಗುರಿ ಇಟ್ಟಿದ್ದು 2000ನೇ ಇಸವಿಯ ಹೊತ್ತಿಗೆ 3,00,000 ಜನ.

ಐವತ್ತು ವರ್ಷ ಕಳೆದಿದೆ. 2021ರ ಜನಗಣತಿಯಲ್ಲಿ ಆಲ್ಬರಿಯಲ್ಲಿ ಸುಮಾರು 56,000, ವೊಡೊಂಗಾದಲ್ಲಿ ಸುಮಾರು 43,000 ಜನ ಸಿಕ್ಕರು. ಎರಡೂ ಸೇರಿದರೂ ಒಂದು ಲಕ್ಷ ಮುಟ್ಟಲಿಲ್ಲ. ಹಾಗಾದರೆ ಮಧ್ಯೆ ಏನಾಯಿತು? ಸರ್ಕಾರ ತೆಗೆದುಕೊಂಡ ಜಮೀನು ಏನಾಯಿತು? ಬಂದ ಜನಕ್ಕೆ ರಸ್ತೆ, ಆಸ್ಪತ್ರೆ ಸಿಕ್ಕಿತೇ?

ಒಂದು ನದಿ, ಎರಡು ರಾಜ್ಯ

ಈ ಊರಿನ ಕಷ್ಟ ಸುಖ ಅರ್ಥವಾಗಬೇಕಾದರೆ ಮೊದಲು ಮರ್ರೆ ನದಿಯನ್ನು ನೋಡಬೇಕು. ಅದರ ಉತ್ತರ ದಡದಲ್ಲಿ ಆಲ್ಬರಿ, ದಕ್ಷಿಣಕ್ಕೆ ವೊಡೊಂಗಾ. ಸಾವಿರಾರು ವರ್ಷಗಳಿಂದ ಇದು ವಿರಾಡ್ಜುರಿ ಮತ್ತಿತರ ಮೂಲನಿವಾಸಿಗಳ ನೆಲ. 1824ರ ನವೆಂಬರ್‌ನಲ್ಲಿ ಹ್ಯೂಮ್ ಮತ್ತು ಹೋವೆಲ್ ಎಂಬ ಇಬ್ಬರು ಅನ್ವೇಷಕರು ಇಲ್ಲಿಗೆ ಬಂದು ನದಿ ದಾಟುವ ಜಾಗ ಹುಡುಕಿದರು. ಹೋವೆಲ್ ತನ್ನ ಹೆಸರು ಕೆತ್ತಿದ ಮರ ಇವತ್ತಿಗೂ ಆಲ್ಬರಿಯ ನದಿ ದಡದಲ್ಲಿ ನಿಂತಿದೆ.

1851ರಲ್ಲಿ ವಿಕ್ಟೋರಿಯಾ ಪ್ರತ್ಯೇಕ ವಸಾಹತಾಯಿತು. ಮರ್ರೆ ನದಿಯೇ ಗಡಿ. ಅದೂ ಹೇಗೆ? ಗಡಿ ನದಿಯ ನಡುವೆ ಹೋಗುವುದಿಲ್ಲ, ದಕ್ಷಿಣ ದಡದ ಮೇಲೆ ಹೋಗುತ್ತದೆ. ಅಂದರೆ ಇಡೀ ನದಿ ನ್ಯೂ ಸೌತ್ ವೇಲ್ಸ್‌ಗೆ ಸೇರಿದ್ದು. 1901ರಲ್ಲಿ ವಸಾಹತುಗಳೆಲ್ಲ ಸೇರಿ ಒಂದೇ ದೇಶ ಆಗುವವರೆಗೆ ಇಲ್ಲಿ ಸುಂಕದ ಕಟ್ಟೆ ಇತ್ತು. ಸೇತುವೆ ದಾಟುವ ಸರಕಿಗೆ ತೆರಿಗೆ ಕಟ್ಟಬೇಕಿತ್ತು.

ರೈಲಿನ ಕಥೆ ಇನ್ನೂ ವಿಚಿತ್ರ. ವಿಕ್ಟೋರಿಯಾದ ಹಳಿ 1873ರಲ್ಲಿ ವೊಡೊಂಗಾಕ್ಕೆ ಬಂತು. ನ್ಯೂ ಸೌತ್ ವೇಲ್ಸ್‌ನ ಹಳಿ 1881ರಲ್ಲಿ ಆಲ್ಬರಿಗೆ ಬಂತು. 1883ರಲ್ಲಿ ಎರಡನ್ನೂ ಸೇತುವೆ ಕಟ್ಟಿ ಜೋಡಿಸಿದರು. ಆದರೆ ಒಂದರ ಅಗಲ 1,600 ಮಿಲಿಮೀಟರ್, ಇನ್ನೊಂದರ ಅಗಲ 1,435 ಮಿಲಿಮೀಟರ್. ವ್ಯತ್ಯಾಸ ಒಂದು ಗೇಣೂ ಇಲ್ಲ. ಆದರೂ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವವರೆಲ್ಲ ಆಲ್ಬರಿಯಲ್ಲಿ ಗಂಟುಮೂಟೆ ಹೊತ್ತು ಇಳಿದು ಬೇರೆ ರೈಲು ಹತ್ತಬೇಕಿತ್ತು. 1895ರಲ್ಲಿ ಇಲ್ಲಿ ಹೀಗೆ ರೈಲು ಬದಲಿಸಿದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ತಮ್ಮ ಪ್ರವಾಸ ಕಥನದಲ್ಲಿ ಇದನ್ನು ಗೇಲಿ ಮಾಡಿದ್ದಾರೆ. ಒಂದೇ ಅಗಲದ ಹಳಿಯಲ್ಲಿ ನೇರ ರೈಲು ಓಡಿದ್ದು 1962ರಲ್ಲಿ. ಜನ, ಸರಕು ಎರಡನ್ನೂ ಇಳಿಸಿ ಹತ್ತಿಸಬೇಕಿದ್ದ ಕಾರಣ ಆಲ್ಬರಿ ನಿಲ್ದಾಣದಲ್ಲಿ ಬಲು ಉದ್ದದ ಪ್ಲಾಟ್‌ಫಾರ್ಮ್ ಕಟ್ಟಿದ್ದರು. ಅದನ್ನು ಈಗಲೂ ನೋಡಬಹುದು.

ಅಣೆಕಟ್ಟೆ ಬಂತು, ಒಂದು ಊರು ಎದ್ದು ಹೋಯಿತು

ಆಲ್ಬರಿಗಿಂತ ಸ್ವಲ್ಪ ಮೇಲೆ ಹ್ಯೂಮ್ ಅಣೆಕಟ್ಟೆ ಇದೆ. 1919ರಲ್ಲಿ ಕೆಲಸ ಶುರುವಾಗಿ 1936ರಲ್ಲಿ ಮುಗಿಯಿತು. ಆಮೇಲೆ ಅದನ್ನು ಇನ್ನಷ್ಟು ಎತ್ತರಿಸಿದರು. ಕೆಳಗಿನ ನೂರಾರು ಕಿಲೋಮೀಟರ್‌ವರೆಗಿನ ತೋಟ, ಗದ್ದೆ, ಊರುಗಳಿಗೆ ಅದರ ನೀರು ಹೋಗುತ್ತದೆ.

ಕಟ್ಟೆ ಎತ್ತರಿಸಿದಾಗ ಹಿನ್ನೀರಿನಲ್ಲಿದ್ದ ಟಾಲಂಗಟ್ಟಾ ಎಂಬ ಊರು ಮುಳುಗುವ ಹಾಗಾಯಿತು. 1950ರ ದಶಕದಲ್ಲಿ ಆ ಊರನ್ನೇ ಸುಮಾರು 8 ಕಿಲೋಮೀಟರ್ ಪಶ್ಚಿಮಕ್ಕೆ ಸಾಗಿಸಿದರು. ಅಲ್ಲಿನವು ಬಹುಪಾಲು ಮರದ ಮನೆಗಳು. ಅನೇಕ ಮನೆಗಳನ್ನು ಕೆಡವದೆ ಹಾಗೇ ಎತ್ತಿ ಲಾರಿ ಮೇಲಿಟ್ಟು ತಂದು ಹೊಸ ಜಾಗದಲ್ಲಿ ಕೂರಿಸಿದರು. ನೀರು ಇಳಿದ ವರ್ಷಗಳಲ್ಲಿ ಹಳೆ ಊರಿನ ರಸ್ತೆಯ ಗುರುತು ಕಾಣಿಸುತ್ತದೆ.

ಅಣೆಕಟ್ಟೆಯ ಹತ್ತಿರವೇ ಬೊನೆಗಿಲ್ಲಾ ಎಂಬ ಸೈನಿಕ ಶಿಬಿರ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಮನೆಮಠ ಕಳೆದುಕೊಂಡವರನ್ನು ಆಸ್ಟ್ರೇಲಿಯಾ ಕರೆಸಿಕೊಂಡಿತು. 1947ರಿಂದ 1971ರವರೆಗೆ 3,00,000ಕ್ಕೂ ಹೆಚ್ಚು ಜನ ಈ ಶಿಬಿರಕ್ಕೆ ಬಂದು ಇಳಿದರು. ತಗಡಿನ ಶೆಡ್‌ಗಳಲ್ಲಿ ಕೆಲವು ವಾರವೋ ತಿಂಗಳೋ ಇದ್ದು, ಕೆಲಸ ಸಿಕ್ಕ ಕಡೆಗೆ ಹೊರಟುಹೋದರು.

ಈ ಸಂಖ್ಯೆಯನ್ನು ನೆನಪಿಡಿ. ವಿಟ್ಲಂ ಸರ್ಕಾರ ಯಾವ ಊರಿಗೆ ಮೂರು ಲಕ್ಷ ಜನರನ್ನು ತರಲು ಹೊರಟಿತೋ, ಅದೇ ಊರಿನ ಪಕ್ಕಕ್ಕೆ ಅದಾಗಲೇ ಮೂರು ಲಕ್ಷ ಜನ ಬಂದು ಹೋಗಿದ್ದರು. ಬಹುಪಾಲು ಜನ ನಿಲ್ಲಲಿಲ್ಲ. ಕೆಲಸ ಇದ್ದದ್ದು ಬೇರೆ ಕಡೆ.

ಹೊಸ ನಗರ ಯಾಕೆ ಬೇಕಾಯಿತು?

1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಪ್ರತಿ ಐವರಲ್ಲಿ ಇಬ್ಬರು ಸಿಡ್ನಿ ಅಥವಾ ಮೆಲ್ಬರ್ನ್‌ನಲ್ಲಿದ್ದರು. ಸೈಟಿನ ಬೆಲೆ ಏರುತ್ತಿತ್ತು. ಹೊರವಲಯದ ಹೊಸ ಬಡಾವಣೆಗಳಿಗೆ ಒಳಚರಂಡಿಯೇ ಇರಲಿಲ್ಲ. ಹೊಸದಾಗಿ ಹುಟ್ಟಿದ ನಗರ ಮತ್ತು ಪ್ರಾದೇಶಿಕ ಅಭಿವೃದ್ಧಿ ಇಲಾಖೆಗೆ ಟಾಮ್ ಯುರೆನ್ ಸಚಿವರಾದರು. ಮಹಾನಗರದ ಭಾರ ಇಳಿಯಬೇಕಾದರೆ ಒಳನಾಡಿನಲ್ಲಿ ಊರು ಬೆಳೆಯಬೇಕು ಎನ್ನುವುದು ಅವರ ಲೆಕ್ಕ.

ಆಲ್ಬರಿ ವೊಡೊಂಗಾವನ್ನು ಆರಿಸಿಕೊಳ್ಳಲು ಕಾರಣಗಳಿದ್ದವು. ಸಿಡ್ನಿ ಮೆಲ್ಬರ್ನ್ ನಡುವಿನ ಹೆದ್ದಾರಿ, ರೈಲು ಎರಡೂ ಊರೊಳಗೇ ಹಾದುಹೋಗುತ್ತಿದ್ದವು. ಮೆಲ್ಬರ್ನ್ ಸುಮಾರು 320 ಕಿಲೋಮೀಟರ್ ದೂರ, ಸಿಡ್ನಿ ಸುಮಾರು 550 ಕಿಲೋಮೀಟರ್. ನೀರಿಗೆ ದೊಡ್ಡ ಅಣೆಕಟ್ಟೆ ಪಕ್ಕದಲ್ಲೇ ಇತ್ತು.

ಜಮೀನಿನ ಲೆಕ್ಕಾಚಾರ

ಇಡೀ ಯೋಜನೆಯ ಜೀವ ಇದ್ದದ್ದು ಜಮೀನಿನಲ್ಲಿ. ಸರ್ಕಾರ ಒಂದು ಊರನ್ನು ಬೆಳೆಸುತ್ತೇವೆ ಎಂದು ಘೋಷಿಸಿದ ಮರುದಿನ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮಧ್ಯವರ್ತಿಗಳು ಬಂದು ಜಮೀನು ಹಿಡಿಯುತ್ತಾರೆ. ಬೆಲೆ ಮುಗಿಲಿಗೆ ಏರುತ್ತದೆ. ಆಮೇಲೆ ರಸ್ತೆ, ಶಾಲೆ, ಮನೆ ಎಲ್ಲವೂ ಆ ಏರಿದ ಬೆಲೆಯ ಮೇಲೆಯೇ ನಿಲ್ಲಬೇಕು. ಕೊನೆಗೆ ಅದನ್ನು ಕಟ್ಟುವವರು ಮನೆ ಕೊಳ್ಳುವ ಬಡವರು.

ಇದನ್ನು ತಪ್ಪಿಸಲು ಎರಡೂ ರಾಜ್ಯಗಳು ಕಾನೂನು ತಂದವು. ಯೋಜನೆಯ ಸುದ್ದಿಯಿಂದ ಏರಿದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ, ಅದಕ್ಕೂ ಮುಂಚಿನ ಬೆಲೆಯ ಆಧಾರದ ಮೇಲೆ ಜಮೀನು ಕೊಳ್ಳುವುದು. ಆಲ್ಬರಿ ವೊಡೊಂಗಾ ಅಭಿವೃದ್ಧಿ ನಿಗಮ ಎಂಬ ಸಂಸ್ಥೆ ಹುಟ್ಟಿತು. ಅದು ಊರಿನ ಸುತ್ತ ಸಾವಿರಾರು ಹೆಕ್ಟೇರ್ ಜಮೀನು ಕೊಂಡಿತು. ಊರು ಬೆಳೆದು ಸೈಟಿಗೆ ಬೆಲೆ ಬಂದಾಗ ಆ ಲಾಭ ನಿಗಮಕ್ಕೆ, ಅಂದರೆ ಸಾರ್ವಜನಿಕರಿಗೆ ಬರಲಿ ಎನ್ನುವುದು ಉದ್ದೇಶ.

ಮನೆ ಕೊಳ್ಳುವವರ ಕಡೆಯಿಂದ ನೋಡಿದರೆ ಇದು ನ್ಯಾಯ. ರೈತರ ಕಡೆಯಿಂದ ನೋಡಿದರೆ ಕಥೆ ಬೇರೆ. ನಕ್ಷೆಯೊಳಗೆ ಸಿಕ್ಕಿಬಿದ್ದ ಜಮೀನನ್ನು ಇಷ್ಟ ಬಂದವರಿಗೆ, ಇಷ್ಟ ಬಂದ ಬೆಲೆಗೆ ಮಾರುವ ಹಾಗಿಲ್ಲ. ಬೇಲಿಯಾಚೆಯವನಿಗೆ ಆ ಕಟ್ಟು ಇಲ್ಲ. ಕೊಟ್ಟ ಜಮೀನಿನಲ್ಲಿ ಊರು ಎದ್ದಿದ್ದರೆ ಒಂದು ಸಮಾಧಾನ. ಎಷ್ಟೋ ಜಮೀನಿನಲ್ಲಿ ಊರು ಏಳಲೇ ಇಲ್ಲ. ನಿಗಮ ಅದನ್ನು ಮತ್ತೆ ಸಾಗುವಳಿಗೆ, ದನಕುರಿ ಮೇಯಿಸಲು ಗುತ್ತಿಗೆಗೆ ಕೊಟ್ಟಿತು.

ಗುರಿ ಕುಸಿದದ್ದು ಹೇಗೆ?

ಘೋಷಣೆ ಆದ ವರ್ಷವೇ ಜಗತ್ತಿನಲ್ಲಿ ತೈಲ ಬಿಕ್ಕಟ್ಟು ಬಂತು. ಬೆಲೆ ಏರಿತು, ಕೆಲಸ ಕಡಿಮೆಯಾಯಿತು. ಹುಟ್ಟುವ ಮಕ್ಕಳ ಸಂಖ್ಯೆ ಇಳಿಯಿತು. ವಿಟ್ಲಂ ಸರ್ಕಾರವೇ ಹೊರದೇಶದಿಂದ ಬರುವವರ ಸಂಖ್ಯೆಯನ್ನು ಕಡಿತ ಮಾಡಿತು. 1975ರಲ್ಲಿ ಬಂದ ಬೋರಿ ವರದಿ, ದೇಶದ ಜನಸಂಖ್ಯೆ ಹಿಂದೆ ಅಂದುಕೊಂಡಷ್ಟು ಬೆಳೆಯುವುದಿಲ್ಲ ಎಂದು ಹೇಳಿತು. ದೇಶವೇ ಬೆಳೆಯದಿದ್ದರೆ ಆಲ್ಬರಿಗೆ ಜನ ಎಲ್ಲಿಂದ ಬರಬೇಕು?

ಅದೇ ವರ್ಷ ನವೆಂಬರ್‌ನಲ್ಲಿ ವಿಟ್ಲಂ ಸರ್ಕಾರವನ್ನು ಗವರ್ನರ್ ಜನರಲ್ ವಜಾ ಮಾಡಿದರು. ಹೊಸ ಪ್ರಧಾನಿ ಮಾಲ್ಕಂ ಫ್ರೇಸರ್ ಖರ್ಚು ಕಡಿತಕ್ಕೆ ಇಳಿದರು. ಮೂರು ಲಕ್ಷದ ಗುರಿ ಒಂದೂವರೆ ಲಕ್ಷಕ್ಕೆ ಇಳಿಯಿತು. ಇದೇ ಯೋಜನೆಯಡಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಟ್ಟಬೇಕಿದ್ದ ಮೊನಾರ್ಟೋ ನಗರವಂತೂ ಏಳಲೇ ಇಲ್ಲ. ಅಲ್ಲಿ ಈಗ ತೆರೆದ ಬಯಲಿನ ಮೃಗಾಲಯ ಇದೆ.

ಆಲ್ಬರಿ ವೊಡೊಂಗಾ ಹಾಗೆ ಸಾಯಲಿಲ್ಲ. ನಿಗಮ ನಿಧಾನವಾಗಿ ಕೆಲಸ ಮುಂದುವರಿಸಿತು. ತರ್ಗೂನಾ, ಬರಂಡೂಡಾ ಕಡೆ ಬಡಾವಣೆಗಳು ಎದ್ದವು. ಕೈಗಾರಿಕೆಗೆ ಜಾಗ ಸಿದ್ಧವಾಯಿತು. ಬೋಳಾಗಿದ್ದ ಗುಡ್ಡಗಳ ಮೇಲೆ ಲಕ್ಷಗಟ್ಟಲೆ ಮರ ನೆಟ್ಟರು. ತೆರಿಗೆ ಇಲಾಖೆಯ ಕಚೇರಿ, ವಿಶ್ವವಿದ್ಯಾಲಯಗಳ ಕ್ಯಾಂಪಸ್, ಕಾಗದದ ಕಾರ್ಖಾನೆ ಬಂದವು. ನಿಗಮದ ಕೆಲಸ ಅಧಿಕೃತವಾಗಿ ಮುಗಿದದ್ದು 2014ರ ಕೊನೆಗೆ. 1981ರಲ್ಲಿ ಶುರುವಾಗಿದ್ದ ಕಾಗದದ ಕಾರ್ಖಾನೆ 2019ರಲ್ಲಿ ಬಾಗಿಲು ಹಾಕಿತು.

ಸೋಲೋ ಗೆಲುವೋ ಎಂಬ ಪ್ರಶ್ನೆಗೆ ಒಂದು ಲೆಕ್ಕ ನೋಡಿ. ಈ ಅವಧಿಯಲ್ಲಿ ಆಸ್ಟ್ರೇಲಿಯಾದ ಜನಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಈ ಜೋಡಿ ಊರಿನ ಜನಸಂಖ್ಯೆ ಸುಮಾರು ಎರಡೂವರೆ ಪಟ್ಟಾಯಿತು. ಅಂದರೆ ದೇಶಕ್ಕಿಂತ ತುಸು ಬೇಗ ಬೆಳೆಯಿತು. ಮೂರು ಲಕ್ಷ ಎಂಬ ಸಂಖ್ಯೆ ಪಕ್ಕದಲ್ಲಿ ಇಲ್ಲದಿದ್ದರೆ ಇದನ್ನು ಯಾರೂ ಸೋಲು ಅನ್ನುತ್ತಿರಲಿಲ್ಲ.

ರಸ್ತೆ ಬಂತು, ಆಸ್ಪತ್ರೆ?

ಜನ ಬಂದಷ್ಟು ಬೇಗ ಸೌಲಭ್ಯ ಬರಲಿಲ್ಲ. ಹೆದ್ದಾರಿಯ ಲಾರಿಗಳೆಲ್ಲ ಊರ ನಡುವೆಯೇ ಓಡುತ್ತಿದ್ದವು. ಹೊಸ ರಸ್ತೆ ಊರ ಹೊರಗೆ ಹೋಗಬೇಕೋ ಒಳಗೆ ಹೋಗಬೇಕೋ ಎಂಬ ಜಗಳವೇ ವರ್ಷಗಟ್ಟಲೆ ನಡೆಯಿತು. ಕೊನೆಗೆ ಊರೊಳಗಿಂದಲೇ ಹಾದುಹೋಗುವ ಫ್ರೀವೇ 2007ರಲ್ಲಿ ತೆರೆಯಿತು. ವೊಡೊಂಗಾದ ಪೇಟೆಯನ್ನು ಸೀಳಿ ಹೋಗುತ್ತಿದ್ದ ರೈಲು ಹಳಿಯನ್ನು ಆಮೇಲೆ ಹೊರಕ್ಕೆ ಸರಿಸಿದರು.

ಆಸ್ಪತ್ರೆಯ ವಿಷಯ ಇನ್ನೂ ಮುಗಿದಿಲ್ಲ. 2009ರಲ್ಲಿ ಎರಡೂ ಊರಿನ ಆಸ್ಪತ್ರೆಗಳನ್ನು ಒಂದೇ ಆಡಳಿತಕ್ಕೆ ತಂದರು. ಆದರೆ ಹೆರಿಗೆ ವಿಭಾಗ ವೊಡೊಂಗಾದಲ್ಲಿ, ತೀವ್ರ ನಿಗಾ ಘಟಕ ಆಲ್ಬರಿಯಲ್ಲಿ. ಹೆರಿಗೆಯಾದ ತಾಯಿಯ ಸ್ಥಿತಿ ಕೆಟ್ಟರೆ ಆಂಬುಲೆನ್ಸಿನಲ್ಲಿ ನದಿ ದಾಟಿಸಬೇಕು. 2022ರ ಅಕ್ಟೋಬರ್‌ನಲ್ಲಿ ಎರಡೂ ರಾಜ್ಯಗಳು ಆಲ್ಬರಿಯ ಹಳೆ ಆಸ್ಪತ್ರೆಯನ್ನೇ ವಿಸ್ತರಿಸಲು 558 ಮಿಲಿಯನ್ ಡಾಲರ್ ಘೋಷಿಸಿದವು. ಹೊಸ ಜಾಗದಲ್ಲಿ ಹೊಸ ಆಸ್ಪತ್ರೆಯೇ ಬೇಕು, ತೇಪೆ ಹಾಕುವುದು ಬೇಡ ಎಂದು ಅಲ್ಲಿನ ಜನ, ವೈದ್ಯರು ಬೀದಿಗಿಳಿದು ಕೇಳಿದರು.

ಗಡಿ ಬರೀ ಕಾಗದದ ಗೆರೆಯಲ್ಲ ಎನ್ನುವುದು 2020ರ ಜುಲೈನಲ್ಲಿ ಎಲ್ಲರಿಗೂ ಗೊತ್ತಾಯಿತು. ಕೋವಿಡ್ ಕಾರಣಕ್ಕೆ ನ್ಯೂ ಸೌತ್ ವೇಲ್ಸ್ ತನ್ನ ವಿಕ್ಟೋರಿಯಾ ಗಡಿಯನ್ನು ಮುಚ್ಚಿತು. 1919ರ ಜ್ವರದ ಕಾಲದ ನಂತರ ಹೀಗಾದದ್ದು ಅದೇ ಮೊದಲು. ಮನೆ ಒಂದು ದಡದಲ್ಲಿ, ಕೆಲಸ ಇನ್ನೊಂದು ದಡದಲ್ಲಿ ಇದ್ದವರು ಪಾಸ್ ಹಿಡಿದು ಸೇತುವೆಯ ಮೇಲೆ ಪೊಲೀಸರ ಮುಂದೆ ಸಾಲು ನಿಂತರು.

ಈಗಲೂ ಊರು ಬೆಳೆಯುತ್ತಿದೆ. ತರ್ಗೂನಾ ಕಡೆ, ಲೆನೀವಾ ಕಣಿವೆ ಕಡೆ ಹೊಸ ಮನೆಗಳು ಏಳುತ್ತಿವೆ. ಭೂತಾನದಿಂದ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ನೇಪಾಳಿ ಭಾಷಿಕ ಕುಟುಂಬಗಳೂ ಇಲ್ಲಿ ನೆಲೆ ನಿಂತಿವೆ. ಬೊನೆಗಿಲ್ಲಾದ ಹಾಗೆ ಬಂದು ಹೋಗುವವರಲ್ಲ ಇವರು, ಮನೆ ಮಾಡಿಕೊಂಡು ಉಳಿದವರು.

ನಿಮ್ಮೂರಿನ ಪಕ್ಕದಲ್ಲಿ ದೊಡ್ಡ ಯೋಜನೆಯ ನಕ್ಷೆ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಜನಸಂಖ್ಯೆಯ ಗುರಿ. ಆಲ್ಬರಿಯವರನ್ನು ಕೇಳಿದರೆ ಅದನ್ನು ಕೊನೆಗೆ ಓದಿ ಎಂದಾರು. ಕೆಲಸ ಯಾವುದು, ಯಾವಾಗ ಬರುತ್ತದೆ? ಊರು ಅಷ್ಟು ಬೆಳೆಯದಿದ್ದರೆ ತೆಗೆದುಕೊಂಡ ಜಮೀನಿನ ಗತಿ ಏನು? ಆಸ್ಪತ್ರೆ ಮನೆಗಳಿಗಿಂತ ಮೊದಲೋ, ಆಮೇಲೋ? ಮೊದಲೆರಡು ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಾಗ ಹತ್ತಾರು ವರ್ಷ ಕಳೆದಿತ್ತು. ಮೂರನೆಯದನ್ನು ಅವರು ಇವತ್ತಿಗೂ ಕೇಳುತ್ತಿದ್ದಾರೆ.