ಪ್ರೊಪೈಲ್‌ಥಯೋಯುರಾಸಿಲ್: ಒಂದು ಎಚ್ಚರಿಕೆಯ ಚರಿತ್ರೆ

ಔಷಧಗಳ ಇತಿಹಾಸವನ್ನು ಅವು ಗುಣಪಡಿಸಿದ ರೋಗಗಳ ಮೂಲಕ ಬರೆಯುವುದು ರೂಢಿ. ಆದರೆ ಔಷಧದಿಂದಾದ ಹಾನಿ ಯಾವಾಗ ಗೊತ್ತಾಯಿತು, ಆ ತಿಳಿವು ನಿಯಮವಾಗಲು ಎಷ್ಟು ಕಾಲ ಹಿಡಿಯಿತು ಎಂಬುದೂ ಚರಿತ್ರೆಯ ಭಾಗವೇ. ಥೈರಾಯ್ಡ್ ಗ್ರಂಥಿಯ ಅತಿಸ್ರಾವಕ್ಕೆ ನೀಡುವ ಪ್ರೊಪೈಲ್‌ಥಯೋಯುರಾಸಿಲ್ ಇದಕ್ಕೊಂದು ನಿದರ್ಶನ.

ಈ ವರ್ಗದ ಔಷಧಗಳ ಮೂಲ ಆಕಸ್ಮಿಕವಾದುದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸಲ್ಫಾಗ್ವಾನಿಡಿನ್ ತಿನ್ನಿಸಿದ ಇಲಿಗಳಲ್ಲಿ ಥೈರಾಯ್ಡ್ ಗ್ರಂಥಿ ಹಿಗ್ಗಿರುವುದನ್ನು 1941ರಲ್ಲಿ ವರದಿ ಮಾಡಿದರು. ಇಂತಹ ರಾಸಾಯನಿಕಗಳು ಹಾರ್ಮೋನಿನ ತಯಾರಿಕೆಯನ್ನೇ ತಡೆಯುತ್ತವೆಂಬುದು ಮುಂದೆ ಸ್ಪಷ್ಟವಾಯಿತು. 1943ರಲ್ಲಿ ಬೋಸ್ಟನ್ನಿನ ಎಡ್ವಿನ್ ಆಸ್ಟ್‌ವುಡ್ ಥಯೋಯುರಿಯಾ ಮತ್ತು ಥಯೋಯುರಾಸಿಲ್‌ಗಳನ್ನು ರೋಗಿಗಳಿಗೆ ನೀಡಿ ಫಲ ಕಂಡರು. ಥಯೋಯುರಾಸಿಲ್ ರಕ್ತದ ಬಿಳಿಕಣಗಳನ್ನು ಅಪಾಯಕರವಾಗಿ ಕುಗ್ಗಿಸುತ್ತಿದ್ದುದರಿಂದ ಅದಕ್ಕಿಂತ ಸುರಕ್ಷಿತವೆನಿಸಿದ ಪ್ರೊಪೈಲ್‌ಥಯೋಯುರಾಸಿಲ್ ಬಳಕೆಗೆ ಬಂದಿತು. ಅಮೆರಿಕದಲ್ಲಿ ಇದಕ್ಕೆ 1947ರಲ್ಲಿ ಮಂಜೂರಾತಿ ದೊರೆಯಿತು.

ಅದೇ 1947ರಲ್ಲಿ, ಈ ಔಷಧ ಸೇವಿಸಿದವರಲ್ಲಿ ಬಿಳಿಕಣಗಳ ನಾಶದೊಡನೆ ಯಕೃತ್ತಿನ ಕೋಶಹಾನಿಯಿಂದಾದ ಕಾಮಾಲೆಯೂ ಕಂಡುಬಂದುದು ಅಮೆರಿಕದ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅಂದರೆ ಔಷಧ ಮತ್ತು ಅದರ ಎಚ್ಚರಿಕೆ ಸಮಕಾಲೀನವಾದವು. ಮುಂದಿನ ದಶಕಗಳಲ್ಲಿ ವರದಿಗಳು ಒಂದೊಂದಾಗಿ ಬರುತ್ತಲೇ ಇದ್ದವು. ಆದರೆ ಒಬ್ಬ ವೈದ್ಯನ ಅನುಭವದಲ್ಲಿ ಇಂತಹ ಪ್ರಸಂಗ ಅತಿ ವಿರಳ. ಬಿಡಿಬಿಡಿಯಾಗಿ ಉಳಿದ ವರದಿಗಳು ಚಿಕಿತ್ಸಾ ಪದ್ಧತಿಯನ್ನು ಬದಲಿಸಲಿಲ್ಲ.

ಹಾನಿಯ ಸ್ವರೂಪವೂ ಈ ವಿಳಂಬಕ್ಕೆ ಕಾರಣವಾಯಿತು. ಔಷಧ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಯಕೃತ್ತಿನ ಕಿಣ್ವಗಳು ಅಲ್ಪ ಪ್ರಮಾಣದಲ್ಲಿ ಏರಿ, ಹಲವರಲ್ಲಿ ತಾವಾಗಿಯೇ ಇಳಿಯುತ್ತವೆ. ತೀವ್ರ ಹಾನಿಯಾದರೋ ಕೆಲವೇ ಮಂದಿಯಲ್ಲಿ, ಮುನ್ಸೂಚನೆಯಿಲ್ಲದೆ ಸಂಭವಿಸಿ ವೇಗವಾಗಿ ಉಲ್ಬಣಿಸುತ್ತದೆ. ಆದಕಾರಣ ನಿಯತ ರಕ್ತಪರೀಕ್ಷೆಯನ್ನು ಪೂರ್ಣವಾಗಿ ನೆಚ್ಚುವಂತಿಲ್ಲ.

2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ನಡೆದ ತಜ್ಞರ ಸಭೆ, ಮಕ್ಕಳಲ್ಲಿ ಕಂಡ ಯಕೃತ್ತಿನ ವೈಫಲ್ಯದ ಪ್ರಕರಣಗಳನ್ನು ಒಟ್ಟಾಗಿ ಪರಿಶೀಲಿಸಿತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2009ರ ಜೂನ್‌ನಲ್ಲಿ ಎಚ್ಚರಿಕೆ ನೀಡಿ, 2010ರ ಏಪ್ರಿಲ್‌ನಲ್ಲಿ ಔಷಧದ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗಿನ ಕಟ್ಟೆಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ಆಗ ಪರಿಗಣಿಸಿದ ತೀವ್ರ ಹಾನಿಯ ಪ್ರಕರಣಗಳು 34. ವಯಸ್ಕರು 23 ಮಂದಿ. ಅವರಲ್ಲಿ 13 ಸಾವು, 5 ಯಕೃತ್ತಿನ ಕಸಿ. ಮಕ್ಕಳು 11, ಅವರಲ್ಲಿ 2 ಸಾವು, 7 ಕಸಿ. ಸಂಖ್ಯೆ ಚಿಕ್ಕದು, ಆದರೆ ಮೆಥಿಮಜೋಲ್ ಎಂಬ ಪರ್ಯಾಯ 1950ರ ದಶಕದಿಂದಲೂ ಲಭ್ಯವಿದ್ದುದನ್ನು ನೆನೆದರೆ ಈ ಸಂಖ್ಯೆಯ ಭಾರ ಅರಿವಾಗುತ್ತದೆ.

ಆದರೂ ಪ್ರೊಪೈಲ್‌ಥಯೋಯುರಾಸಿಲ್ ಬಹಿಷ್ಕೃತವಾಗಲಿಲ್ಲ. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಮೆಥಿಮಜೋಲ್ ಶಿಶುವಿನಲ್ಲಿ ಅಂಗದೋಷಗಳಿಗೆ ಕಾರಣವಾಗಬಲ್ಲದು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಕಾರ್ಬಿಮಜೋಲ್ ದೇಹದಲ್ಲಿ ಮೆಥಿಮಜೋಲ್ ಆಗಿಯೇ ಪರಿವರ್ತಿತವಾಗುವುದರಿಂದ ಅದಕ್ಕೂ ಈ ಮಾತು ಅನ್ವಯಿಸುತ್ತದೆ. ಹೀಗಾಗಿ ಆ ಅವಧಿಯಲ್ಲಿ ಹಳೆಯ ಔಷಧಕ್ಕೇ ಆದ್ಯತೆ. ಅದನ್ನು ಸೇವಿಸುವವರು ಹಸಿವಿಲ್ಲದಿರುವಿಕೆ, ಬಳಲಿಕೆ, ಗಾಢ ಬಣ್ಣದ ಮೂತ್ರ, ಕಣ್ಣಿನ ಹಳದಿ ಕಂಡೊಡನೆ ವೈದ್ಯರನ್ನು ಕಾಣಬೇಕೆಂಬುದು ಇಂದಿನ ಸೂಚನೆ.

1947ರ ವರದಿಗೂ 2010ರ ಕಟ್ಟೆಚ್ಚರಿಕೆಗೂ ನಡುವೆ 63 ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಕೊರತೆಯಾದುದು ಮಾಹಿತಿಯಲ್ಲ, ಚದುರಿದ ಮಾಹಿತಿಯನ್ನು ಒಂದೆಡೆ ಕೂಡಿಸಿ ತೂಗುವ ವ್ಯವಸ್ಥೆ.